ಒಂಬತ್ತನೇ ವಾರದ ನೀರು

ಐವತ್ತರ ದಶಕದ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಲ್ಲು ನೆಟ್ಟು ಗುರುತು ಮಾಡಿದ ಬಯಲು, ನಡುವೆ ಅಲ್ಲೊಂದು ಇಲ್ಲೊಂದು ಮನೆ. ಅಂಥ ಒಂದು ಮನೆ ನಮ್ಮ ಪ್ರೊಫೆಸರರದು. ಅವರ ಕೈಕೆಳಗೆ ನಾವು ಮೂವರು ಸಂಶೋಧನೆ ಮಾಡುತ್ತಿದ್ದೆವು. ಜನವರಿಯಲ್ಲಿ ಉತ್ತರದ ಒಂದು ಊರಿನಲ್ಲಿ ವಿಜ್ಞಾನಿಗಳ ಸಮ್ಮೇಳನವಿತ್ತು. ಮೂವರೂ ಅಲ್ಲಿ ಹತ್ತು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಪ್ರಬಂಧ ಓದಬೇಕು. ಅದುವರೆಗೆ ನಾವು ಯಾವ ಸಭೆಯಲ್ಲೂ ಎದ್ದು ನಿಂತು ವಂದನಾರ್ಪಣೆ ಕೂಡ ಹೇಳಿದವರಲ್ಲ. ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಅವರ ಮನೆಯ ಜಗಲಿಯಲ್ಲಿ ತಾಲೀಮು.

ಪ್ರೊಫೆಸರರು ಪಂಚೆಯ ಮೇಲೆ ಕೋಟು ಹಾಕಿಕೊಂಡು, ದೇವರ ಮನೆಯ ಗಂಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಎಂಟನೇ ನಿಮಿಷಕ್ಕೆ ಒಂದು ಸಲ ಬಾರಿಸುವರು, ಹತ್ತಕ್ಕೆ ಎರಡು ಸಲ. ಓದಿ ಮುಗಿದ ಮೇಲೆ ಟೀ ವಿರಾಮದ ಪಾಠ. ಅವರೇ ಲಂಡನ್ನಿನ ದೊಡ್ಡ ವಿಜ್ಞಾನಿಯಾಗಿ ಕಾಂಪೌಂಡಿನ ಹತ್ತಿರ ನಿಂತುಕೊಳ್ಳುವರು. ನಾವು ಒಬ್ಬೊಬ್ಬರಾಗಿ ಹೋಗಿ ಪರಿಚಯ ಮಾಡಿಕೊಳ್ಳಬೇಕು.

"ಲೋಟ ಎಡಗೈಲಿ ಹಿಡ್ಕೊಳಯ್ಯ, ಬಲಗೈ ಖಾಲಿ ಇರ್ಲಿ. ಹೆಸರು ಹೇಳು, ಕೆಲಸ ಎರಡು ಮಾತಲ್ಲಿ ಹೇಳು, ಬಾಯಿ ಮುಚ್ಕೊ. ಕೈ ಕಟ್ಕೊಂಡು ಯಾಕ್ ನಿಂತಿದೀಯ? ಅವ್ರೇನು ನಿನ್ ಮಾವನಾ?"

ಹಿರಿಯರು ಕೇಳುವ ಮುಂಚೆ ಹೆಸರು ಹೇಳಿಕೊಂಡರೆ ಕೊಬ್ಬು ಅನ್ನುವ ಮನೆಯಲ್ಲಿ ಬೆಳೆದವನು ನಾನು. ಮೊದಲ ಸಲ ಎದುರಿಗೆ ಹೋದಾಗ ಏನೂ ತೋಚದೆ ಕಾಲಿಗೆ ಬಗ್ಗಿಬಿಟ್ಟೆ. ಲಂಡನ್ನಿನ ವಿಜ್ಞಾನಿಯೂ ಅಭ್ಯಾಸಬಲದಿಂದ ತಲೆ ಮುಟ್ಟಿ ಆಶೀರ್ವಾದ ಮಾಡಿಯೇಬಿಟ್ಟರು. ಆಮೇಲೆ ಇಬ್ಬರಿಗೂ ಸೇರಿಸಿ ನನಗೇ ಬೈದರು.

ಜಗಲಿಯ ಮೂಲೆಯಲ್ಲಿ ಅವರ ತಾಯಿ ಮೊರ ಇಟ್ಟುಕೊಂಡು ಅವರೆಕಾಳು ಬಿಡಿಸುತ್ತ ಕೂತಿರುತ್ತಿದ್ದರು. ಅವರನ್ನು ಬೇಕೆಂದೇ ಕೂರಿಸಿದ್ದು. ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಅದಕ್ಕೇ ಅವರಿಗೆ ದನಿ ಮಾತ್ರ ಕೇಳಿಸುತ್ತದೆ ಅನ್ನುವುದು ಪ್ರೊಫೆಸರರ ಲೆಕ್ಕ. ಓದು ಮುಗಿದ ಮೇಲೆ, "ಅಮ್ಮ, ಹೆಂಗಿತ್ತು?" ಅಂತ ಕೇಳುವರು. ಅಜ್ಜಿ ತಲೆ ಎತ್ತದೆ ಹೇಳುವರು: "ಇವನು ಓಡ್ತಾನೆ, ಹಿಂದೆ ನಾಯಿ ಬಿದ್ದಂಗೆ." "ಆ ಉದ್ದನೆಯವನು ಯಾರನ್ನೋ ಬೈತಾವ್ನೆ." ನನ್ನ ಸರದಿ ಬಂದಾಗ ಮಾತ್ರ ಪ್ರತಿ ವಾರವೂ ಒಂದೇ ತೀರ್ಪು: "ಚೆನ್ನಾಗೇ ಹೇಳ್ತಾನೆ. ನಡೂಮಧ್ಯ ಒಂದು ಕಡೆ ಇವನ ದನಿ ಕೆಳಗೆ ಬೀಳ್ತದೆ."

ಎಲ್ಲಿ ಬೀಳುತ್ತಿತ್ತು, ಯಾಕೆ ಬೀಳುತ್ತಿತ್ತು ಅನ್ನುವುದು ನನಗೆ ಗೊತ್ತಿತ್ತು.

ನನ್ನ ಕೆಲಸ ಮಲ್ಲತ್ತಹಳ್ಳಿ ಕೆರೆಯ ನೀರಿನ ಮೇಲೆ. ಮಳೆಗಾಲ ಮುಗಿದ ಮೇಲೆ ಬಗ್ಗಡ ನೀರು ಎಷ್ಟು ದಿನಕ್ಕೆ ತಿಳಿಯಾಗುತ್ತದೆ, ಊರಿನವರು ಯಾವಾಗಿನಿಂದ ಅದನ್ನು ಕುಡಿಯಬಹುದು ಅನ್ನುವುದು ಪ್ರಶ್ನೆ. ವಾರಕ್ಕೊಂದು ಸಲ ಸೈಕಲ್ಲಿನಲ್ಲಿ ಹೋಗಿ, ಸೀಸೆಯಲ್ಲಿ ನೀರು ತಂದು ಅದರ ಬಗ್ಗಡ ಅಳೆಯುತ್ತಿದ್ದೆ. ಒಂಬತ್ತನೇ ವಾರ ಮೂರು ದಿನ ಎಡೆಬಿಡದೆ ಮಳೆ ಹೊಡೆಯಿತು. ನಾನು ರೂಮಿನಲ್ಲಿ ಕಂಬಳಿ ಹೊದ್ದು ಮಲಗಿದೆ. ಮುಂದಿನ ವಾರ ಹೋದಾಗ ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇತ್ತು, ಆದರೆ ಕೋಡಿಯ ಕಲ್ಲುಗಳ ಮೇಲೆ ಕೆಂಪು ಕೆಸರು ಒಣಗಿ ನಿಂತಿತ್ತು. ಕೆರೆ ತುಂಬಿ ಹರಿದಿತ್ತು ಅಂತ ಅದನ್ನು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ನಾನೂ ನೋಡಿದೆ. ರೂಮಿಗೆ ಬಂದು, ಎಂಟನೇ ವಾರಕ್ಕೂ ಹತ್ತನೇ ವಾರಕ್ಕೂ ನಡುವಿನ ಒಂದು ಅಂಕಿಯನ್ನು ಪಟ್ಟಿಯ ಒಂಬತ್ತನೇ ಮನೆಯಲ್ಲಿ ಬರೆದೆ. ಮೊದಲು ಪೆನ್ಸಿಲಿನಲ್ಲಿ, ಎರಡು ದಿನ ಬಿಟ್ಟು ಶಾಯಿಯಲ್ಲಿ. ಮಳೆಗಾಲ ಕಳೆದ ಮೇಲೆ ನೀರು ಮತ್ತೆ ಬಗ್ಗಡವಾಗುವುದಿಲ್ಲ ಅನ್ನುವ ಒಂದು ವಾಕ್ಯದ ಮೇಲೆ ಇಡೀ ಪ್ರಬಂಧ ನಿಂತಿತ್ತು. ಆ ವಾಕ್ಯದ ಹತ್ತಿರ ಬಂದಾಗಲೆಲ್ಲ ನನ್ನ ಗಂಟಲು ಹಿಡಿಯುತ್ತಿತ್ತು.

ಹೇಳಿಬಿಡಬಹುದಿತ್ತು. ಆದರೆ ಮಾರ್ಚಿಗೆ ನನ್ನ ವಿದ್ಯಾರ್ಥಿವೇತನ ಮುಗಿಯುತ್ತಿತ್ತು. ನೀರು ಸರಬರಾಜಿನ ದೊಡ್ಡ ಅಧಿಕಾರಿಯೊಬ್ಬರು ಸಮ್ಮೇಳನಕ್ಕೆ ಬರುತ್ತಾರೆ, ಅವರ ಪ್ರಯೋಗಾಲಯದಲ್ಲಿ ಒಂದು ಜಾಗ ಖಾಲಿ ಇದೆ ಎಂದು ಪ್ರೊಫೆಸರರು ಹೇಳಿದ್ದರು. ಊರಿನಲ್ಲಿ ಅಪ್ಪ ಆಗಲೇ ನಾಲ್ಕು ಜನರ ಹತ್ತಿರ ನನಗೆ ಕೆಲಸ ಸಿಕ್ಕಿತು ಅಂದುಬಿಟ್ಟಿದ್ದರು.

"ಗಂಟಲಿಗೆ ಏನಾಗಿದೆ?" ಎಂದು ಪ್ರೊಫೆಸರರು ಕೇಳಿದರು.

"ಶೀತ ಸಾರ್."

"ನಾಲ್ಕು ವಾರದಿಂದಾನಾ?" ಎಂದರು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಗಂಟೆ ಕೆಳಗಿಟ್ಟು ಎದ್ದು ಬಂದು, ಪರದೆಯ ಮೇಲಿನ ಚಿತ್ರ ತೋರಿಸಲು ಬಳಸುವ ಕೋಲನ್ನು ನನ್ನ ಕೈಗೆ ಕೊಟ್ಟರು. "ಆ ಮಾತು ಬಂದಾಗ ಕೋಲು ಮುಂದಕ್ಕೆ, ಕಣ್ಣು ಕೊನೇ ಸಾಲಿಗೆ. ದನಿ ತಾನಾಗಿ ಮೇಲೆ ಬರುತ್ತೆ."

ಅವರಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ತಿಳಿಯದು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ವಾಕ್ಯವೊಂದನ್ನೇ ಒಂದು ಬೆಳಿಗ್ಗೆ ಇಪ್ಪತ್ತು ಸಲ ಹೇಳಿಸಿದರು. ಹತ್ತನೇ ಸಲಕ್ಕೆ ಗಂಟಲು ಬಿಟ್ಟಿತು. ಹದಿನೈದನೇ ಸಲಕ್ಕೆ ಅದರ ಅರ್ಥವೂ ಬಿಟ್ಟುಹೋಯಿತು. ಅವತ್ತು ಅಜ್ಜಿ ಯಾವ ತೀರ್ಪನ್ನೂ ಕೊಡಲಿಲ್ಲ. ನನ್ನನ್ನೊಮ್ಮೆ ನೋಡಿ ಮತ್ತೆ ಕಾಳು ಬಿಡಿಸಿದರು.

ಸಮ್ಮೇಳನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ರೈಲಿನಲ್ಲಿ ಎರಡು ದಿನ, ಉದ್ದನೆಯ ಸಭಾಂಗಣ, ಚಳಿ. ನನ್ನ ಅಂಕಿಗಳನ್ನು ಗೆರೆಯಾಗಿ ಬರೆಸಿದ್ದ ಗಾಜಿನ ಚಿತ್ರ, ಅಂದರೆ ಸ್ಲೈಡು, ದೀಪದ ಬೆಳಕಿನಲ್ಲಿ ಪರದೆಯ ಮೇಲೆ ಬಿತ್ತು. ನಮ್ಮ ಕೆರೆ ಒಂದು ನುಣುಪಾದ ಗೆರೆಯಾಗಿ ಇಳಿಯಿತು. ಕೋಲು ಮುಂದಕ್ಕೆ ಹೋಯಿತು, ಕಣ್ಣು ಕೊನೇ ಸಾಲಿಗೆ ಹೋಯಿತು. ಯಾರೂ ಪ್ರಶ್ನೆ ಕೇಳಲಿಲ್ಲ. ವಿರಾಮದಲ್ಲಿ ಟೀ ಲೋಟ ಎಡಗೈಯಲ್ಲಿ ಹಿಡಿದು ಆ ಅಧಿಕಾರಿಯ ಮುಂದೆ ನಿಂತು ಹೆಸರು ಹೇಳಿದೆ, ಕೆಲಸ ಎರಡು ಮಾತಿನಲ್ಲಿ ಹೇಳಿದೆ, ಬಾಯಿ ಮುಚ್ಚಿಕೊಂಡೆ. ಅವರು ಬೆನ್ನು ತಟ್ಟಿ, ಮುಂದಿನ ತಿಂಗಳು ಬಂದು ಸೇರಿಕೊ ಅಂದರು. ಸಂತೋಷ ಆಗಬೇಕಿತ್ತು. ಆಗಲಿಲ್ಲ. ಭಯವೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಹಾಗೆ ಇತ್ತು.

ಕೆಲಸಕ್ಕೆ ಸೇರುವ ಮುಂಚೆ ಹಣ್ಣು ಹೂವು ಹಿಡಿದು ಪ್ರೊಫೆಸರರ ಮನೆಗೆ ಹೋದೆ. ಅವರು ಸ್ನಾನಕ್ಕೆ ಹೋಗಿದ್ದರು. ಜಗಲಿಯಲ್ಲಿ ಅಜ್ಜಿ ಒಬ್ಬರೇ ಇದ್ದರು. ಕಾಲಿಗೆ ನಮಸ್ಕಾರ ಮಾಡಿದೆ. ವಾಪಸು ಕೊಡಲು ತಂದಿದ್ದ ಗಾಜಿನ ಚಿತ್ರವನ್ನು ಅವರು ಕೈ ಚಾಚಿ ಇಸಿದುಕೊಂಡರು. ತಾಲೀಮಿನಲ್ಲಿ ನಾವು ಬರಿಯ ಗೋಡೆಗೆ ಕೋಲು ತೋರಿಸುತ್ತಿದ್ದುದರಿಂದ ಅವರು ಅದನ್ನು ನೋಡಿಯೇ ಇರಲಿಲ್ಲ.

"ಏನಪ್ಪಾ ಇದು ಗೆರೆ?"

"ನಿಮ್ ತವರೂರಿನ ಕೆರೆ ಅಜ್ಜಿ. ಮಲ್ಲತ್ತಹಳ್ಳೀದು. ಈ ಕಡೆಯಿಂದ ವಾರವಾರಕ್ಕೂ ನೀರು ಹೆಂಗೆ ತಿಳಿಯಾಯ್ತು ಅಂತ."

ಅಜ್ಜಿ ಅದನ್ನು ಬಿಸಿಲಿಗೆ ಹಿಡಿದರು. ಉಗುರಿನಿಂದ ಗೆರೆಯ ಉದ್ದಕ್ಕೂ ಮೆಲ್ಲಗೆ ಹೋದರು, ವಾಪಸು ಬಂದರು.

"ಕೋಡಿ ಬಿದ್ದಿದ್ದು ಇದ್ರಾಗೆ ಎಲ್ಲೈತೆ?"

ನಾನು ತಂದ ಹಣ್ಣುಗಳನ್ನು ಮೊರದ ಪಕ್ಕ ಇಟ್ಟೆ.

"ಕಾರ್ತೀಕದಾಗೆ ಕೋಡಿ ಬಿದ್ದು ಗಂಗಮ್ಮನ ಪೂಜೆ ಮಾಡಿದ್ರಲ್ಲ, ನಾನೂ ಹೋಗಿದ್ದೆ. ಕೆರೆ ತುಂಬಾ ಕೆಂಪು ನೀರು, ಬಿಂದಿಗೇಲಿ ಹಿಡಿದ್ರೆ ಅರ್ಧ ಮಣ್ಣು. ಊರೆಲ್ಲಾ ಏರಿ ಮೇಲಿತ್ತು. ನೀನು ಬಂದಿರ್ಲಿಲ್ವಾ?"

"ಇಲ್ಲ ಅಜ್ಜಿ."

"ಮತ್ತೆ ಆ ವಾರದ ನೀರು?"

"ನಾನೇ ಬರೆದೆ."

ಅಜ್ಜಿ ಬೈಯಲಿಲ್ಲ. ಗಾಜನ್ನು ನನ್ನ ಕೈಗೆ ವಾಪಸು ಕೊಟ್ಟು, "ದನಿ ಬೀಳ್ತಿತ್ತಲ್ಲ, ಆ ಮಾತು ಇನ್ನೊಂದು ಕಿತ ಹೇಳು" ಎಂದರು.

ನಿಂತುಕೊಂಡೆ. ಅವರು ಕಣ್ಣು ಮುಚ್ಚಿದರು. ಎದುರಿಗೆ ಕೂತವರಿಗೆ ಈಗ ಎಲ್ಲ ಗೊತ್ತು, ಈಗಲಾದರೂ ಗಂಟಲು ಹಿಡಿಯುತ್ತದೆ ಅಂದುಕೊಂಡು ಶುರು ಮಾಡಿದೆ. ಹಿಡಿಯಲೆಂದು ಬೇಡಿಕೊಂಡೆ ಅಂದರೂ ಸುಳ್ಳಲ್ಲ. ವಾಕ್ಯ ಮೊದಲಿಂದ ಕೊನೆಯವರೆಗೆ ಒಂದೇ ಎತ್ತರದಲ್ಲಿ, ಸ್ಪಷ್ಟವಾಗಿ ಹೊರಗೆ ಬಂತು. ಕೈಯಲ್ಲಿ ಕೋಲಿಲ್ಲದಿದ್ದರೂ ಕೈ ತಾನಾಗಿ ಮುಂದಕ್ಕೆ ಹೋಗಿತ್ತು.

"ಚೆನ್ನಾಗಿ ಕಲ್ತಿದೀಯ ಕಣಪ್ಪ," ಎಂದರು ಅಜ್ಜಿ. ಮೊರ ಎತ್ತಿಕೊಂಡು ಒಳಗೆ ಹೋದರು. ಮುಂದಿನ ವರ್ಷದ ಹುಡುಗರ ತಾಲೀಮಿಗೆ ಅವರು ಜಗಲಿಗೆ ಬಂದು ಕೂರಲಿಲ್ಲವಂತೆ.