ಮೆಲ್ಬೋರ್ನಿಗೆಂದು ಕಲಿತ ಸಂಜ್ಞೆಗಳು

ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನಾವಿರುವ ಸೈಬರ್‌ಜಯಾ ಊರಿನಲ್ಲಿ ನಾನೂ ಅವಳೂ ಮಾತಾಡುತ್ತಿದ್ದುದು ಮಲೇಷ್ಯಾದ ಸಂಜ್ಞಾ ಭಾಷೆಯಲ್ಲಿ. ಕಂಪನಿ ಮೆಲ್ಬೋರ್ನಿಗೆ ಕಳಿಸುತ್ತಿದೆ ಎಂದು ನಮ್ಮವರು ಹೇಳಿದ್ದೇ ತಡ, ಆಸ್ಟ್ರೇಲಿಯಾದವರ ಸಂಜ್ಞಾ ಭಾಷೆ ಆಸ್ಲಾನ್ ಕಲಿಯಲು ಇಬ್ಬರೂ ಆನ್‌ಲೈನ್ ಕ್ಲಾಸಿಗೆ ಸೇರಿದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ ನಾನು.

ಪದಗಳು ಬೇಗ ಬಂದವು, ವಾಕ್ಯ ಕಟ್ಟುವುದು ಜೀವ ಹಿಂಡಿತು. ಮೊದಲು ಕಾಲ ಹೇಳಬೇಕು, ಆಮೇಲೆ ಯಾವುದರ ಬಗ್ಗೆ ಮಾತು ಎಂಬುದು. 'ಯಾವಾಗ', 'ಎಲ್ಲಿ'ಗಳೆಲ್ಲ ಸಾಮಾನ್ಯವಾಗಿ ಕೊನೆಗೆ. ಹುಬ್ಬು ಗಂಟಿಕ್ಕದೆ ಕೇಳಿದರೆ ಅದು ಪ್ರಶ್ನೆಯೇ ಅಲ್ಲ ಎಂದು ಟೀಚರ್ ತಲೆಯಾಡಿಸುತ್ತಿದ್ದರು. ಎದುರಿಗಿಲ್ಲದವರಿಗೂ ಗಾಳಿಯಲ್ಲೊಂದು ಜಾಗ ಗೊತ್ತುಮಾಡಿ, ಮತ್ತೆ ಅಲ್ಲಿಗೇ ಬೆರಳು ತೋರಿಸಬೇಕು. ಮಗಳು ಅಪ್ಪನಿಗೆ ಬಲಗಡೆ ಜಾಗ ಕೊಟ್ಟಿದ್ದಳು. ಅಪ್ಪ ಒಂದೆರಡು ಕ್ಲಾಸಿಗೆ ಬಂದು, ಮೀಟಿಂಗ್ ಎಂದು ಜಾರಿಕೊಂಡಿದ್ದರು.

"ಎರಡೂ ಭಾಷೆ ಬೆರೆಸಬೇಡ, ಮಗುಗೆ ಕನ್‌ಫ್ಯೂಸ್ ಆಗುತ್ತೆ" ಎಂದವರೂ ಅವರೇ. ಆ ಮಾತು ನಂಬಿ, ಬ್ರಿಕ್‌ಫೀಲ್ಡ್ಸಿನಲ್ಲಿ ಭಾನುವಾರ ಸೇರಿ ಮಲೇಷ್ಯಾದ ಸಂಜ್ಞೆಯಲ್ಲಿ ಹರಟುತ್ತಿದ್ದ ಕಿವಿ ಕೇಳದ ಮಕ್ಕಳ ಕೂಟ ಬಿಡಿಸಿದೆ. ಶಾಲೆಯಲ್ಲಿ ಅವಳಂಥವಳು ಅವಳೊಬ್ಬಳೇ. ಗೆಳತಿಯರಿದ್ದುದು ಆ ಕೂಟದಲ್ಲಿ ಮಾತ್ರ. ತುಂಬ ಅತ್ತಳು. ಮೆಲ್ಬೋರ್ನಿನಲ್ಲಿ ಹೊಸಬರು ಸಿಗುತ್ತಾರೆ ಎಂದು ಸಮಾಧಾನ ಮಾಡಿದೆ.

ದೀಪಾವಳಿ ಹತ್ತಿರ ಬಂದಿತ್ತು. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ರೋಟಿ ತಿನ್ನುತ್ತ, ಜೊತೆಗೆ ಬಂದಿದ್ದ ನಮ್ಮವರ ಮಂಗಳೂರಿನ ಸಹೋದ್ಯೋಗಿಯನ್ನು ಮೆಲ್ಬೋರ್ನಿನ ಚಳಿ ಹೇಗೆ ಎಂದು ಕೇಳಿದೆ.

"ಆ ಟ್ರಾನ್ಸ್‌ಫರ್ ಚೈನೀಸ್ ನ್ಯೂ ಇಯರ್ ಟೈಮಲ್ಲೇ ಕ್ಯಾನ್ಸಲ್ ಆಗಿದೆಯಲ್ಲ ಮಾರಾಯ್ರೆ! ಇವ್ರು ಹೇಳ್ಲಿಲ್ವಾ?"

ನಮ್ಮವರು ಚಹಾ ಲೋಟದೊಳಗೆ ಇಣುಕುತ್ತಿದ್ದರು. ಫೆಬ್ರವರಿಯಿಂದ ಇಷ್ಟು ತಿಂಗಳೂ ನನ್ನ ಕಿವಿಗೆ ಹೂವಿಟ್ಟಿದ್ದರು. ಮೈಯೆಲ್ಲ ಉರಿದುಹೋಯಿತು.

ಕಾರಿನಲ್ಲಿ ಅವರೇ ಬಾಯಿ ಬಿಟ್ಟರು. "ನೀವಿಬ್ರೂ ಅಷ್ಟು ಖುಷಿಯಾಗಿ ಕಲೀತಾ ಇದ್ರಿ. ಹೇಗೆ ಹೇಳ್ಲಿ?"

"ಖುಷಿಗೆ ಕಲಿತಿದ್ದಲ್ಲ ರೀ, ನಿಮ್ಮನ್ನ ನಂಬಿ ಕಲಿತಿದ್ದು. ಇರೋ ಗೆಳತಿಯರನ್ನೂ ಬಿಡಿಸಿದ್ನಲ್ಲ!"

ಹಿಂದಿನ ಸೀಟಿನಿಂದ ಮಗಳು ನಮ್ಮಿಬ್ಬರ ಮುಖ ನೋಡುತ್ತಲೇ ಇದ್ದಳು. ಮನೆಗೆ ಬಂದವಳೇ ಅಪ್ಪನೆದುರು ನಿಂತು, ಹುಬ್ಬು ಗಂಟಿಕ್ಕಿ, ಒಂದು ತಪ್ಪೂ ಇಲ್ಲದೆ ಆಸ್ಲಾನಿನಲ್ಲಿ ಕೇಳಿದಳು: ಮೆಲ್ಬೋರ್ನಿಗೆ ನಾವು ಹೋಗುವುದು ಯಾವಾಗ?

ಅವರು ನನ್ನ ಕಡೆ ತಿರುಗಿದರು. "ಏನಂತೆ?"

"ನೀವೇ ಕೇಳಿ, ನೀವೇ ಹೇಳಿ" ಎಂದು ಕೈಗಳೆರಡನ್ನೂ ಮಡಿಲಲ್ಲಿಟ್ಟು ಕೂತುಬಿಟ್ಟೆ.

ಮಗಳು ಅವರ ಕೈಗಳನ್ನೇ ನೋಡುತ್ತ ಕಾದಳು.