ಪೈಟೆಲಾ ಗುದ್ದದೇ ಗೆದ್ದ ಕಂಚು

ನಮ್ಮ ಪುಟ್ಟ ದ್ವೀಪದೇಶ ತುವಾಲುವಿನ ತಂಡ ಹೊರದೇಶದ ಕ್ರೀಡಾಕೂಟಕ್ಕೆ ಹೊರಟಾಗಲೆಲ್ಲ ಹಡಗುಕಟ್ಟೆಯಲ್ಲಿ ಪ್ರಾರ್ಥನೆ ನಡೆಯುತ್ತದೆ. ಗೆದ್ದು ಬರಲಿ ಎಂದಲ್ಲ, ಕೈಕಾಲು ಗಟ್ಟಿಯಿದ್ದು ಬರಲಿ ಎಂದು. ಫುಟ್‌ಬಾಲಿನಲ್ಲಿ ನಾವು ತಿಂದ ಗೋಲುಗಳನ್ನು ಬರೆದು ಬರೆದು ಅಂಕ ಹಾಕುವವನ ಕೈ ಸೋತದ್ದುಂಟು. ಓಟದಲ್ಲಿ ನಮ್ಮವನು ಗೆರೆ ಮುಟ್ಟುವ ಹೊತ್ತಿಗೆ ಗೆದ್ದವನ ಸ್ನಾನ ಮುಗಿದಿರುತ್ತದೆ. ಇಂಥದರಲ್ಲಿ ನನ್ನ ಹೆಂಡತಿಯ ತಮ್ಮ ಪೈಟೆಲಾ ಕ್ರೀಡಾಕೂಟ ನಡೆದ ಸುವಾದಿಂದ ಕಂಚಿನ ಪದಕ ಕೊರಳಿಗೆ ಹಾಕಿಕೊಂಡು ನಮ್ಮ ದ್ವೀಪ ವೈಟುಪುವಿಗೆ ಬಂದಿಳಿದ.

ಪೈಟೆಲಾ ತೆಂಗಿನ ಮರ ಹತ್ತಿ ನೀರಾ ಇಳಿಸುವವನು. ತೋಳು ಒನಕೆಯಂತೆ, ಮನಸ್ಸು ಬೆಣ್ಣೆ. ಮನೆಯಲ್ಲಿ ಕೋಳಿ ಕುಯ್ದರೆ ಆಚೆ ಹೋಗಿ ನಿಲ್ಲುವವನು. ಮೈ ಇದೆಯಲ್ಲ ಸಾಕು ಎಂದು ಅವನನ್ನು ಬಾಕ್ಸಿಂಗಿಗೆ ಹಾಕಿದ್ದರು. ಸುವಾದಲ್ಲಿ ಅವನಷ್ಟು ತೂಕದವರೇ ಕಡಿಮೆ. ಮೊದಲ ಎದುರಾಳಿಯನ್ನು ಕಣ್ಣು ಸರಿಯಿಲ್ಲವೆಂದು ಡಾಕ್ಟರು ಹೊರಗಿಟ್ಟರು. ಪೈಟೆಲಾ ಕೂತಲ್ಲೇ ಸೆಮಿಫೈನಲ್ ಸೇರಿದ. ಅಲ್ಲಿ ಎದುರಿಗೆ ಸಮೋವಾದ ಫಾಲಾನಿಕೊ, ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾದ ಆಳು. ಹೆದರಿಕೆ ಮರೆಯಲೆಂದು ಪೈಟೆಲಾ ಹಿಂದಿನ ಸಂಜೆ ಮಾರುಕಟ್ಟೆಯ ಖಾನಾವಳಿಯಲ್ಲಿ ಆಡಿನ ಸಾರು, ರೊಟ್ಟಿ ಬಾರಿಸಿದ. ಮರುದಿನ ಗಂಟೆ ಹೊಡೆದಾಗ ಅವನು ಪಾಯಿಖಾನೆಯಲ್ಲಿದ್ದ. ಬಾಕ್ಸಿಂಗಿನಲ್ಲಿ ಸೆಮಿಫೈನಲ್ ಸೋತವರಿಗೂ ಕಂಚು ಸಿಗುತ್ತದೆ. ಹಾಗೆ ಬಂತು ಪದಕ.

ಇದನ್ನು ಅವನು ಹೇಳಿದ್ದು ನನಗೊಬ್ಬನಿಗೆ. ಹಡಗುಕಟ್ಟೆಯಲ್ಲಿ ನಮ್ಮತ್ತೆ ಸಿಲಿಗಾ ಎಲ್ಲರಿಗೂ ಕೇಳುವಂತೆ, "ಎಷ್ಟ್ ಜನಾನ ಕೆಡವಿದ್ಯೋ?" ಎಂದಾಗ ಅವನು ನೆಲ ನೋಡುತ್ತ, "ಒಬ್ಬನೂ ನನ್ನೆದುರು ನಿಲ್ಲಲಿಲ್ಲಮ್ಮ" ಎಂದ.

ಮಾತೇನೋ ನಿಜವೇ. ಉಳಿದದ್ದನ್ನು ಸಿಲಿಗಾ ಸೇರಿಸಿದಳು. ಆ ಸಂಜೆಯೇ ಹೆಂಗಸರು ಫಾತೆಲೆ ಕುಣಿತಕ್ಕೆ ಅವನ ಮೇಲೊಂದು ಹಾಡು ಕಟ್ಟಿದರು. ಫಾತೆಲೆಯಲ್ಲಿ ಸುತ್ತು ಸುತ್ತಿಗೂ ವೇಗ ಏರುತ್ತದೆ, ಈ ಹಾಡಿನಲ್ಲಿ ಪೈಟೆಲಾನ ಏಟಿಗೆ ಬಿದ್ದವರ ಲೆಕ್ಕವೂ ಏರಿತು. ಅವನು ನಾಚಿ ತಲೆ ತಗ್ಗಿಸಿದರೆ, "ನೋಡ್ರೇ, ಎಷ್ಟ್ ವಿನಯ!" ಎಂದು ಕೊಬ್ಬಿದ ಹಂದಿಯ ತುಂಡನ್ನು ಅವನ ಮುಂದೆ ಸರಿಸುತ್ತಿದ್ದರು.

ಎರಡು ವರ್ಷ ಹೀಗೆ ಉಂಡ. ಆಮೇಲೆ ಸಮೋವಾದಿಂದ ಚರ್ಚಿನ ಹಾಡುಗಾರರ ತಂಡವೊಂದು ನಮ್ಮೂರಿಗೆ ಬಂತು. ದೋಣಿಯಿಂದ ಇಳಿದವರಲ್ಲಿ, ನಮ್ಮ ಹೆಂಗಸರ ಹಾಡಿನಲ್ಲಿ ಪೈಟೆಲಾನ ಏಟಿಗೆ ಮೊದಲು ಬೀಳುವ ಫಾಲಾನಿಕೊ ಕೂಡ ಇದ್ದ! ಊರಿಗೆ ಊರೇ ಕುಣಿದಾಡಿತು. ಶನಿವಾರ ಸಭಾಮನೆಯಲ್ಲಿ ಇಬ್ಬರಿಗೂ ಮತ್ತೊಮ್ಮೆ ಬಾಕ್ಸಿಂಗ್ ಆಗಬೇಕೆಂದು ಹಿರಿಯರು ಸಾರಿದರು.

ಪೈಟೆಲಾ ನೀರಾ ಇಳಿಸಲು ಮರ ಹತ್ತಿದವನು ಇಳಿಯಲೇ ಇಲ್ಲ. ನಾನು ಬುಡದಲ್ಲಿ ನಿಂತು ಕರೆದೆ.

"ಇಳಿಯೋ ಮಾರಾಯ."

"ಇಲ್ಲೇ ಚೆನ್ನಾಗಿದೆ ಭಾವ. ಊಟ ಕಳಿಸು."

ಅಷ್ಟರಲ್ಲಿ ಫಾಲಾನಿಕೊನೇ ಬಂದ. ಅತ್ತಿತ್ತ ನೋಡಿ, ಮರವನ್ನು ತಬ್ಬಿಕೊಂಡು ಮೇಲಕ್ಕೆ ಪಿಸುಗುಟ್ಟಿದ: "ಅಣ್ಣಾ, ನನ್ನ ಮರ್ಯಾದೆ ಉಳಿಸಪ್ಪ. ನಿನ್ನನ್ನ ಒಂದೇ ಏಟಿಗೆ ಮಲಗಿಸಿದೆ ಅಂತ ನಮ್ಮೂರಲ್ಲೆಲ್ಲ ಹೇಳ್ಕೊಂಡಿದೀನಿ. ನಮ್ಮ ಪಾದ್ರಿಗಳೂ ಜೊತೆಗೇ ಬಂದಿದಾರೆ."

ಗರಿಗಳ ನಡುವಿನಿಂದ ಪೈಟೆಲಾನ ಮುಖ ಮೂಡಿತು. "ನೀನೂನಾ?"

ಪೈಟೆಲಾ ಸರ್ರನೆ ಇಳಿದ. ಮೂವರೂ ಒಂದೇ ಬುರುಡೆಯಲ್ಲಿ ನೀರಾ ಕುಡಿದು ಒಪ್ಪಂದ ಮಾಡಿಕೊಂಡೆವು. ಮೆಲ್ಲಗೆ ಮುಟ್ಟುವುದು, ಜೋರಾಗಿ ಉಸ್ ಅನ್ನುವುದು, ಕೊನೆಗೆ ಸಮ ಸಮ. ತೀರ್ಪುಗಾರ ನಾನೇ.

ಶನಿವಾರ ಸಭಾಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಸುತ್ತಿದರು, ಸವರಿದರು, ಉಸ್ ಉಸ್ ಎಂದರು.

"ಅದೇನೋ ಅದು, ಮಗೂಗೆ ಎಣ್ಣೆ ಹಚ್ತಿದೀಯಾ?" ಸಿಲಿಗಾ ಕೂಗಿದಳು.

"ಫಾಲಾನಿಕೊ, ಪ್ರಾರ್ಥನೆ ಆಮೇಲೆ ಮಾಡು, ಮೊದಲು ಹೊಡಿ!" ಎಂದರು ಸಮೋವಾದ ಪಾದ್ರಿ, ತಾವು ಯಾರೆಂಬುದನ್ನೇ ಮರೆತು.

ಆಗ ಫಾಲಾನಿಕೊನ ಕಾಲು ಚಾಪೆಯ ಅಂಚಿಗೆ ಸಿಕ್ಕಿತು. ಅವನು ಮುಗ್ಗರಿಸಿ ತನ್ನ ಮೂಗನ್ನು ತಾನೇ ತಂದು ಪೈಟೆಲಾನ ಮುಷ್ಟಿಗೆ ಕೊಟ್ಟ. ರಕ್ತ ಬಂತು. ಸಭಾಮನೆ ಹಾರಿಬೀಳುವಂತೆ ಗದ್ದಲವಾಯಿತು. "ಮಾತು ಕೊಟ್ಟು ಹೊಡೀತೀಯಾ?" ಎಂದು ಫಾಲಾನಿಕೊ ಹಲ್ಲು ಕಚ್ಚಿ ಒಂದು ಬಿಟ್ಟ. ಪೈಟೆಲಾನ ಮುಂದಿನ ಹಲ್ಲು ನನ್ನ ಕಾಲ ಬಳಿ ಬಿತ್ತು. ಅವನು ಬಾಯಿ ಮುಟ್ಟಿಕೊಂಡ, ಬೆರಳು ನೋಡಿದ. ಅವನ ಮುಖದಲ್ಲಿ ಅಂಥ ಬೆರಗನ್ನು ನಾನೆಂದೂ ಕಂಡಿರಲಿಲ್ಲ. ಆಮೇಲೆ ಅವನೂ ಹೊಡೆದ, ನಿಜವಾಗಿ ಹೊಡೆದ. ನಡುವೆ ಹೋದ ನನಗೆ ಇಬ್ಬರಿಂದಲೂ ಬಿತ್ತು. ಕೊನೆಗೆ ಪೈಟೆಲಾ ಅಂಗಾತ ಬಿದ್ದಾಗ, ಸಿಲಿಗಾ ಒಳನುಗ್ಗಿ ಬೀಸಣಿಗೆಯಿಂದ ಫಾಲಾನಿಕೊನನ್ನು ಬಾರಿಸಿ ಮೂಲೆಗೆ ಅಟ್ಟಿದಳು. ಅಲ್ಲಿಗೆ ಪಂದ್ಯ ನಿಂತಿತು.

ಬಿದ್ದಲ್ಲಿಂದಲೇ ಪೈಟೆಲಾ ನಗುತ್ತಿದ್ದ. "ಅಮ್ಮಾ, ನಾನು ಒಬ್ಬರಿಗೆ ಹೊಡೆದದ್ದು ಇವತ್ತೇ ಮೊದ್ಲು. ಸುವಾದಲ್ಲಿ ನಾನು..."

"ಬಾಯ್ ಮುಚ್ಚೋ," ಸಿಲಿಗಾ ಅವನ ಕಿವಿಯಲ್ಲಿ ಗದರಿದಳು. "ಹಾಡು ಕೆಡುತ್ತೆ."

ಉಳಿದ ದಿನಗಳಷ್ಟೂ ಫಾಲಾನಿಕೊ ನಮ್ಮತ್ತೆಯ ಮನೆಯಲ್ಲೇ ಉಂಡ. ಅವನು ಹೊರಟ ದಿನ ಸ್ವಂತ ಮಗನನ್ನು ಕಳಿಸುವವಳಂತೆ ಅವಳು ದೋಣಿ ಹಿಡಿದು ಅತ್ತಳು.

ಮುಂದಿನ ಕ್ರೀಡಾಕೂಟಕ್ಕೆ ಪೈಟೆಲಾ ಯಾರೂ ಹೇಳದೆಯೇ ಹೊರಟ. ಮೊದಲ ಪಂದ್ಯದಲ್ಲೇ ಪಪುವಾದವನೊಬ್ಬ ಅವನನ್ನು ಚೆನ್ನಾಗಿ ನಾದಿದ. ಸೋತರೂ ಕೊನೆಯ ಗಂಟೆಯವರೆಗೆ ಕಾಲ ಮೇಲೆ ನಿಂತಿದ್ದ. ಬರಿಗೊರಳಲ್ಲಿ ಬಂದಿಳಿದವನು ಕಟ್ಟೆಯ ಮೇಲೇ ಶುರು ಮಾಡಿದ: ಯಾವ ಏಟು ಎಲ್ಲಿ ಬಿತ್ತು, ತಾನು ಹೇಗೆ ತಪ್ಪಿಸಿಕೊಂಡೆ, ಯಾವುದು ತಪ್ಪಲಿಲ್ಲ. ದಿನಗಟ್ಟಲೆ ಅದೇ ಮಾತು. ಈಗ ದಾರಿಯಲ್ಲಿ ಅವನು ಎದುರಾದರೆ ನಾವೆಲ್ಲ ಪೊದೆ ಸೇರುತ್ತೇವೆ. ಪಾಪ, ಅವನ ಹೆಂಡತಿಗೆ ಮಾತ್ರ ಹೋಗಲು ಜಾಗವಿಲ್ಲ.