ಅಕ್ಕ ಆರಿಸಿದ ರಾಗಿ

ಅಕ್ಕ ಹೇಳಿದ ಒಂದು ಸಣ್ಣ ಕೆಲಸವನ್ನು ನಾನು ಮಾಡಲಿಲ್ಲ. ಮೊನ್ನೆ ಒಲೆಯ ಮೇಲೆ ಮುದ್ದೆ ಬೇಯುವ ವಾಸನೆ ಬಂದಾಗ ಅದು ಮತ್ತೆ ನೆನಪಾಯಿತು. ನಿಮಗೂ ಹೀಗೇ ಇರಬಹುದು, ಕೆಲವು ತಪ್ಪುಗಳು ಊಟದ ಹೊತ್ತಿಗೇ ಬಂದು ಪಕ್ಕದಲ್ಲಿ ಕೂರುತ್ತವೆ.

ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಒಂದರಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ನೀಲಿ ಶರಟು ತೊಟ್ಟು ಸಾತನೂರಿನಲ್ಲಿ ವ್ಯಾನ್ ಹತ್ತುವಾಗ ನನ್ನ ಮಟ್ಟಿಗೆ ನಾನೇ ಮ್ಯಾನೇಜರ್. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮಲ್ಲೇ ಇದ್ದಳು. ಹೊಲದ ಕೆಲಸ ಅವಳ ಪಾಲಿಗೆ ಬಿತ್ತು.

ಅದೇ ಹೊತ್ತಿಗೆ ಬೀಜದ ವಿಜ್ಞಾನಿಗಳು ಬಂದರು. ಎರಡು ತಳಿ ಕೂಡಿಸಿದ ರಾಗಿಯನ್ನು ನಮ್ಮಂಥವರ ಹೊಲದಲ್ಲೇ ಬೆಳೆಸಿ, ಒಳ್ಳೆಯ ಗಿಡವನ್ನು ಬೆಳೆದವರೇ ಆರಿಸಬೇಕೆಂದರು. ಅವರಿಗೆ ಹಿಡಿಸಿದ್ದು ದಪ್ಪ ತೆನೆಯ ಗಿಡ್ಡ ಪೈರು. ಅಕ್ಕ ಒಪ್ಪಲಿಲ್ಲ.

"ತೆನೆ ನಮ್ಗಾಯ್ತು ಸಾ, ಹಸುಗೆ ಏನ್ ಹಾಕನ?"

ಅವರು ನಕ್ಕು ತಲೆಯಾಡಿಸಿದರು. ಅಂದಿನಿಂದ ಪ್ರತಿ ಸುಗ್ಗಿಗೂ ಹುಲ್ಲು ಉದ್ದವಿದ್ದು ತೆನೆಯೂ ತುಂಬಿದ ಗಿಡಗಳನ್ನು ಹುಡುಕಿ, ಬುಡದಲ್ಲಿ ಕಡ್ಡಿ ನೆಟ್ಟು ಹಳೇ ಸೀರೆಯ ಚೂರು ಕಟ್ಟುತ್ತಿದ್ದಳು. ಮರುವರ್ಷದ ಬಿತ್ತನೆಗೆ ಅವೇ.

ಒಂದು ವರ್ಷ ಕೊಯ್ಲಿನ ಹೊತ್ತಿಗೇ ಮಗಳಿಗೆ ಹೆರಿಗೆಯಾಗಿ, ಅಕ್ಕ ಅವಳ ಗಂಡನ ಊರು ಕಲ್ಯಕ್ಕೆ ಹೊರಟಳು. ಕಡ್ಡಿ ನೆಟ್ಟ ಗಿಡಗಳನ್ನು ಮೊದಲು ಕೊಯ್ದು ಬೇರೆ ಇಡು ಎಂದು ಹೇಳಿ ಬಸ್ಸು ಹತ್ತಿದಳು. ನನಗೆ ವ್ಯಾನಿನ ಅವಸರ. ಆಳುಗಳಿಗೆ ಏನೂ ಹೇಳದೆ ಓಡಿದೆ. ಸಂಜೆ ಬಂದು ನೋಡಿದರೆ ಎಲ್ಲ ರಾಗಿಯೂ ಒಂದೇ ಮೆದೆ ಸೇರಿತ್ತು. ಬೋಳು ಹೊಲದಲ್ಲಿ ಕಡ್ಡಿಗಳು ಮಾತ್ರ ನಿಂತಿದ್ದವು.

ಅಕ್ಕ ವಾಪಸು ಬಂದಾಗ, ಕೊಯ್ಲಿಗೆ ಮೊದಲೇ ಯಾರದೋ ಹಸು ನುಗ್ಗಿ ಆ ಗಿಡಗಳನ್ನು ಮೇಯ್ದಿತು ಎಂದೆ. ಅಕ್ಕ ಬಯ್ಯಲಿಲ್ಲ. ಬಾರದ ಹಸುವಿಗೆ ನಾವಿಬ್ಬರೂ ಸೇರಿ ಮುಳ್ಳುಬೇಲಿ ಹಾಕಿದೆವು. ಮುಳ್ಳು ಚುಚ್ಚಿದ್ದೆಲ್ಲ ನನಗೇ. ಡಬ್ಬದ ತಳದಲ್ಲಿ ಹಿಂದಿನ ವರ್ಷದ ಬೀಜ ಒಸಿ ಉಳಿದಿತ್ತು. ಅದರಿಂದಲೇ ಅವಳು ಮತ್ತೆ ಶುರುಮಾಡಿದಳು.

ಮುಂದೆ ಫ್ಯಾಕ್ಟರಿ ನನ್ನನ್ನು ಬೇಡವೆಂದಾಗ ನನ್ನ ಸಂಸಾರವನ್ನು ಸಾಕಿದ್ದು ಆ ರಾಗಿ, ಆ ಹುಲ್ಲು ತಿಂದ ಹಸುಗಳ ಹಾಲು. ಈಗ ಉಯ್ಯಂಬಳ್ಳಿಯವರೂ ಅಕ್ಕನ ಬೀಜ ಕೇಳಿಕೊಂಡು ಬರುತ್ತಾರೆ.

ಮೊನ್ನೆ ತಟ್ಟೆಗೆ ಮುದ್ದೆ ಹಾಕುತ್ತಾ, ಕಣ್ಣು ಮಂಜಾಗಿ ತೆನೆ ಸರಿಯಾಗಿ ಕಾಣುತ್ತಿಲ್ಲ ಎಂದಳು.

"ಈ ಸಲ ನೀನೇ ಆರ್ಸು ಕಣೋ. ನಿನ್ ಬುಟ್ರೆ ಇನ್ಯಾರ್ನ ನಂಬ್ಲಿ?"

ತಟ್ಟೆ ಪಕ್ಕಕ್ಕಿಟ್ಟೆ.

"ಅಕ್ಕ, ಅವತ್ತು ಯಾವ್ ಹಸುನೂ ನುಗ್ಲಿಲ್ಲ. ನಾನೇ ಎಲ್ಲಾ ಒಟ್ಗೆ ಕುಯ್ಯಕ್ ಬುಟ್ಟು ಹೊಂಟೋದೆ. ನಿನ್ ಬೀಜ ಹಾಳ್ಮಾಡ್ದೋನು ನಾನು. ತಪ್ಪಾಯ್ತು ಕಣಕ್ಕ."